ಸೊನ್ನೆ ಅಂಕದ ತಿರುವು

ಅಳುವ ಮಗುವಿಗೇ ಹಾಲು ಎನ್ನುತ್ತಾರೆ. ವಲಯ ಸಾರಿಗೆ ಯೋಜನಾ ಮಂಡಳಿಯ ಹಣವೂ ಹಾಗೆಯೇ, ಹೆಣ ಬಿದ್ದ ರಸ್ತೆಗೇ ಮೊದಲು. ಯಾರೂ ಇದನ್ನು ಬಾಯಿಬಿಟ್ಟು ಹೀಗೆ ಹೇಳುವುದಿಲ್ಲ, ಅಷ್ಟೇ. ವರ್ಷ ವರ್ಷ ಊರೂರುಗಳಿಂದ ಕೋರಿಕೆ ಬರುತ್ತದೆ, ಒಂದೊಂದಕ್ಕೂ ಅಂಕ ಹಾಕುತ್ತಾರೆ, ಹಣ ಎಲ್ಲಿಯವರೆಗೆ ಸಾಲುತ್ತದೋ ಅಲ್ಲಿಗೆ ಗೆರೆ ಎಳೆಯುತ್ತಾರೆ. ಅಂಕದಲ್ಲಿ ಸಿಂಹಪಾಲು ಅಪಘಾತದ್ದು.

ಆ ಅಂಕ ಹಾಕುವ ಯೋಜನಾಧಿಕಾರಿಯ ಅಪ್ಪ ಹೆದ್ದಾರಿಯ ಶಾಲೆ ತಿರುವಿನಲ್ಲಿ ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ಬಸ್ಸು ಓಡಿಸಿ ನಿವೃತ್ತರಾದ ಮೇಲೆ, ಗೋಡೆ ನೋಡುತ್ತಾ ಕೂರಲಾರೆ ಎಂದು ತಾವಾಗಿಯೇ ಹಚ್ಚಿಕೊಂಡ ಕೆಲಸ. ಮಕ್ಕಳಿಗೆ ಅವರು ಬಾವುಟದಜ್ಜ. ಅವರು ನಿಂತಂದಿನಿಂದ ಅಲ್ಲಿ ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಹಾಗಾಗಿ ಆ ತಿರುವಿಗೊಂದು ಸಿಗ್ನಲ್ ಬೇಕೆಂಬ ಕೋರಿಕೆಗೆ ಪ್ರತಿ ವರ್ಷವೂ ಅಪಘಾತದ ಅಂಕ ಸೊನ್ನೆ.

ಯೋಜನಾಧಿಕಾರಿಯಾದ ಈ ಮಗಳು ನಿಯಮವೆಂದರೆ ನಿಯಮ ಎನ್ನುವವಳು. ಸಭೆಯಲ್ಲಿ ಆ ತಿರುವಿನ ಮಾತು ಬಂದಾಗಲೆಲ್ಲ, ಮನೆಯವರ ವಿಷಯ ಎಂದು ಎದ್ದು ಹೋಗಿ ಹೊರಗೆ ನೀರಿನ ಕ್ಯಾನ್ ಪಕ್ಕ ನಿಲ್ಲುತ್ತಿದ್ದಳು. ಆ ಸೊನ್ನೆಯ ಹಿಂದೆ ಒಬ್ಬ ಮುದುಕ ಇದ್ದಾನೆಂದು ಒಳಗಿದ್ದವರಿಗೆ ಹೇಳುವವರೇ ಇರಲಿಲ್ಲ. ಪ್ರಾಮಾಣಿಕತೆ ದೊಡ್ಡ ಗುಣವೇ, ಆದರೆ ಅದೇ ಬಾಗಿಲ ಹೊರಗೆ ಹೋಗಿ ನಿಂತರೆ ಯಾರಿಗೆ ಪ್ರಯೋಜನ?

ಈ ವರ್ಷ ಅಪ್ಪನ ಒಂದು ಕಣ್ಣಿಗೆ ಪೊರೆ ಬಂತು. ಒಂದು ಸಂಜೆ ಬೆನ್ನಿಗೆ ಎಣ್ಣೆ ಹಚ್ಚುವಾಗ ಮಗಳಿಗೆ ಭುಜದ ಮೇಲೆ ನೀಲಿಗಟ್ಟಿದ ಬಾವು ಕಂಡಿತು. ವ್ಯಾನಿನ ಕನ್ನಡಿ ತಾಗಿತ್ತಂತೆ.

"ನಿಂತಿದ್ದು ಸಾಕಪ್ಪ."

"ನಾನು ಬಿಟ್ರೆ ನಿಮ್ಮ ಸಿಗ್ನಲ್ ಬಂದು ನಿಲ್ಲುತ್ತಾ?"

ಅವಳು ಮೊದಲ ಬಾರಿ ಅಂಕದ ಲೆಕ್ಕವನ್ನು ಬಿಡಿಸಿ ಹೇಳಿದಳು. ಅಪ್ಪ ಎಂದಿನ ತಮಾಷೆಯ ದನಿಯಲ್ಲೇ ಕೇಳಿದರು: "ಅಲ್ಲಮ್ಮ, ಮುದುಕ ಸತ್ರೂ ಅಷ್ಟೇ ಅಂಕಾನಾ? ಇಲ್ಲ ವಯಸ್ಸು ನೋಡಿ ಕಮ್ಮಿ ಮಾಡ್ತೀರಾ?"

ಅವರ ತಮಾಷೆಗೆ ನಗದೆ ಅವಳು ಎದ್ದು ಹೋಗಿದ್ದು ಅದೇ ಮೊದಲು.

ಮುಂದಿನ ಸಭೆಯಲ್ಲಿ ಅವಳು ಹೊರಗೆ ಹೋಗಲಿಲ್ಲ. ಕೂತಲ್ಲೇ ಎಲ್ಲವನ್ನೂ ಹೇಳಿದಳು. ಅಧ್ಯಕ್ಷರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಬಾಯಿಮಾತಿಗೆ ಅಂಕ ಹಾಕಕ್ಕಾಗಲ್ಲ. ಒಂದು ದಿನ ಸಮೀಕ್ಷೆ ಮಾಡ್ಸೋಣ. ಎಷ್ಟು ಸಲ ಗಾಡಿ ಮೈಮೇಲೆ ಬರೋ ಹಾಗಾಗುತ್ತೆ ಅಂತ ನೋಡಿ ಬರ್ಕೊಳ್ಳಲಿ. ಅಪಾಯ ಇದೆ ಅಂತ ಗೊತ್ತಾದ್ರೆ ಈ ವರ್ಷಾನೇ ಸೇರಿಸ್ತೀನಿ." ತುಸು ತಡೆದು ಅಂದರು: "ಆ ದಿನ ಮಾತ್ರ ನಿಮ್ಮ ತಂದೆ ಅಲ್ಲಿರಬಾರದು. ಅವರಿದ್ರೆ ಮತ್ತೆ ಸೊನ್ನೇನೇ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ಒಂದೇ ದಿನ ಅಪ್ಪ."

"ಅನಾಹುತಕ್ಕೆ ಒಂದು ದಿನ ಸಾಕಲ್ಲಮ್ಮ," ಎಂದರು ಅವರು. ಆದರೂ ಕೊನೆಗೆ ಒಪ್ಪಿದರು. ಮಗಳು ಎಂದೂ ಅವರನ್ನು ಏನನ್ನೂ ಕೇಳಿದವಳಲ್ಲ.

ಸಮೀಕ್ಷೆಯ ಬೆಳಿಗ್ಗೆ ಕಂಬಕ್ಕೆ ಕ್ಯಾಮೆರಾ ಕಟ್ಟಿಕೊಂಡು ಸಮೀಕ್ಷಕ ರಸ್ತೆಬದಿಯಲ್ಲಿ ಕೂತಿದ್ದ. ಯಾರೂ ನಡುವೆ ಕೈಹಾಕುವಂತಿಲ್ಲ ಎಂದು ಅವನಿಗೆ ಅಪ್ಪಣೆಯಾಗಿತ್ತು. ಅವಳೂ ಫುಟ್‌ಪಾತಿನ ಮೇಲೆ ಕೈಕಟ್ಟಿ ನಿಂತಳು. ಶಾಲೆಯ ಹೊತ್ತಾಯಿತು. ಮೊದಲ ಮಕ್ಕಳು ಎದುರು ಬದಿಗೆ ಬಂದು ನಿಂತು ಬಲಕ್ಕೂ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ. ಅಜ್ಜ ನಿಲ್ಲುವ ಜಾಗವನ್ನಷ್ಟೇ ನೋಡಿದರು. ಆಗ ಅವಳಿಗೆ ಹೊಳೆಯಿತು. ಈ ಮಕ್ಕಳು ಇಷ್ಟು ವರ್ಷ ರಸ್ತೆ ನೋಡಿ ದಾಟಿದವರೇ ಅಲ್ಲ, ಬಟ್ಟೆ ನೋಡಿ ದಾಟಿದವರು. ದಾಟುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಇಂದು ಅಜ್ಜನಿಲ್ಲ ಎಂದು ಹೇಳಿರಲೂ ಇಲ್ಲ, ಹೇಳಿದರೆ ಲೆಕ್ಕ ಕೆಡುತ್ತದಲ್ಲ.

ಎರಡು ಜಡೆಯ ಹುಡುಗಿಯೊಬ್ಬಳು ಇವಳನ್ನು ಗುರುತು ಹಿಡಿದು ನಕ್ಕಳು. ಅಜ್ಜನ ಮಗಳೇ ಇದ್ದಾರಲ್ಲ ಎಂಬ ಧೈರ್ಯದಿಂದ ಕಾಲು ಕೆಳಗಿಟ್ಟಳು. ತಿರುವಿನಾಚೆ ಲಾರಿಯ ಸದ್ದು ಏರುತ್ತಿತ್ತು.

ಯೋಜನಾಧಿಕಾರಿ ಯೋಚಿಸಲಿಲ್ಲ. ಎರಡೂ ಕೈ ಎತ್ತಿ ರಸ್ತೆಯ ನಡುವಿಗೆ ಓಡಿದಳು. ಲಾರಿ ಕಿರ್ರನೆ ಕೂಗಿ ನಿಂತಿತು. ಚಾಲಕ ತಲೆ ಹೊರಹಾಕಿ ಬೈದ. ಅವಳು ಕೈ ಇಳಿಸಲಿಲ್ಲ.

"ಮೇಡಂ, ಲೆಕ್ಕ ಪೂರ್ತಿ ಕೆಡುತ್ತೆ," ಎಂದ ಸಮೀಕ್ಷಕ.

"ಕೆಡಲಿ ಬಿಡಿ."

ಕೊನೆಯ ಮಗು ದಾಟುವವರೆಗೆ ಅಲ್ಲೇ ನಿಂತಳು. ಸಮೀಕ್ಷಕ ಕ್ಯಾಮೆರಾ ಬಿಚ್ಚಿಕೊಂಡು ಹೊರಟ. ಅವನೂ ಮಕ್ಕಳಿರುವವನೇ.

ತಿರುವಿನಿಂದ ಕೂಗಳತೆಯಲ್ಲಿದ್ದ ಮನೆಯಲ್ಲಿ ಅಪ್ಪ ಹೊಸ್ತಿಲ ಮೇಲೇ ಕೂತಿದ್ದರು. ಬೆಳಿಗ್ಗೆಯ ತಿಂಡಿ ಮುಟ್ಟಿರಲಿಲ್ಲ.

"ಬ್ರೇಕ್ ಸದ್ದು ಕೇಳಿಸ್ತು," ಎಂದರು.

"ಯಾರಿಗೂ ಏನೂ ಆಗ್ಲಿಲ್ಲ ಅಪ್ಪ. ನಾನೇ ಅಡ್ಡ ಹೋದೆ. ಈ ವರ್ಷಾನೂ ಸೊನ್ನೆ."

"ಸದ್ಯ," ಎಂದರು ಅಪ್ಪ. ಹಾಗೆಂದವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಮ್ಮ ಹೋದಾಗಲೂ ಅವರು ಹಾಗೆ ಅತ್ತದ್ದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿ ಕೂತು, ನೋವಿರುವ ಭುಜ ಬಿಟ್ಟು ಇನ್ನೊಂದರ ಮೇಲೆ ಕೈಯಿಟ್ಟಳು.

"ಆಫೀಸಿಗೆ ಹೊತ್ತಾಗಿ ಹೋದರಾಯ್ತು," ಎಂದಳು. "ನಾಳೆಯಿಂದ ಬೆಳಿಗ್ಗೆ ನಾನು ನಿಲ್ತೀನಿ."

ಅಪ್ಪ ಕಣ್ಣೊರೆಸಿಕೊಂಡು ಕೆಂಪು ಬಟ್ಟೆಯನ್ನು ಅವಳ ಕೈಗಿಟ್ಟರು.