ಮುಚ್ಚಳದ ಅನ್ನ

ಹೇಳಿದ್ದು ತಪ್ಪಲ್ಲ, ಹೇಳಲೇಬೇಕಿತ್ತು. ಚಿತ್ತರಂಜನ ಬೆಳಗಿನಿಂದ ಇದನ್ನೇ ಜಪಿಸುತ್ತಿದ್ದ. ಜಪಿಸಿ ಜಪಿಸಿ ಅರ್ಥ ಸವೆದುಹೋಗಿತ್ತು.

ಬಲ್ಮಠದ ಆ ಕಾಲೇಜಿನಲ್ಲಿ ಅವನು ಇತಿಹಾಸದ ಉಪನ್ಯಾಸಕ. ನೊಂದ ವಿದ್ಯಾರ್ಥಿಗಳ ಮಾತು ಕೇಳುವ ಮೆಂಟರ್ ಕೂಡ. ಅದಕ್ಕೊಂದು ಪುಟ್ಟ ಕೋಣೆ ಕೊಟ್ಟಿದ್ದರು. ಅದರ ಬಾಗಿಲು ಮಾತ್ರ ಸದಾ ತೆರೆದಿರಬೇಕೆಂಬುದು ನಿಯಮ.

ಯಶ್ಮಿತಾ ಬರುತ್ತಿದ್ದುದು ಊಟದ ಹೊತ್ತಿಗೆ. ಬುತ್ತಿ ಬಿಚ್ಚಿದೊಡನೆ ಮುಚ್ಚಳದಲ್ಲಿ ಒಂದು ತುತ್ತು ಅನ್ನ ತೆಗೆದಿಡುತ್ತಿದ್ದಳು, ಬೈಕ್ ಅಪಘಾತದಲ್ಲಿ ತೀರಿಕೊಂಡ ಅಣ್ಣ ಮೋಕ್ಷಿತನಿಗೆ.

"ಕ್ಯಾಂಟೀನಿನಲ್ಲಿ ನಗಾಡ್ತಾರೆ ಸರ್."

ಅವನು ನಗಲಿಲ್ಲ. ಅವನ ಮನೆಯಲ್ಲೂ ಸತ್ತವರಿಗೆ ಬಡಿಸುತ್ತಾರೆ. ಎಲೆ ಹಾಕಿ, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಸತ್ತವರು ಬಂದು ಉಂಡಿರಬೇಕು ಅನ್ನಿಸಿದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ.

ನಿನ್ನೆ ಅವಳು ತಲೆಯೆತ್ತದೆ ಹೇಳಿದಳು: "ಒಮ್ಮೊಮ್ಮೆ ಅವನಿದ್ದಲ್ಲಿಗೇ ಹೋಗುವ ಅಂತ ಕಾಣ್ತದೆ. ಯಾರಿಗೂ ಹೇಳ್ಬೇಡಿ."

"ಇಲ್ಲ," ಎಂದ.

ಅವಳು ಮೆಟ್ಟಿಲಿಳಿಯುವ ಮೊದಲೇ ಪ್ರಿನ್ಸಿಪಾಲರಿಗೆ ಫೋನ್ ಮಾಡಿದ. ಮಾತಿಗೆ ತೂಕ ಬರಲೆಂದು ಮುಚ್ಚಳದ ಅನ್ನವನ್ನೂ ಸೇರಿಸಿದ.

ಇಂದು ಅವಳ ತಂದೆ ಲೋಕನಾಥ ಬೈಕಂಪಾಡಿಯ ವರ್ಕ್‌ಶಾಪಿನಿಂದ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಬಂದಿದ್ದರು, ಗ್ರೀಸು ಮೆತ್ತಿದ ಅಂಗಿಯಲ್ಲೇ. ಯಶ್ಮಿತಾ ಪಕ್ಕದಲ್ಲಿ ನಿಂತಿದ್ದಳು.

"ಇಲ್ಲಿ ಎಂತಾದ್ರೂ ಆದ್ರೆ ಕಾಲೇಜಿಗೆ ಕೆಟ್ಟ ಹೆಸರು," ಎಂದರು ಪ್ರಿನ್ಸಿಪಾಲ್ ರೊಸಾಲಿನ್. "ಸ್ವಲ್ಪ ಸಮಯ ಮನೆಯಲ್ಲೇ ಇಟ್ಕೊಳ್ಳಿ. ಸತ್ತವರಿಗೆ ಅನ್ನ ಇಡ್ತಾಳಂತೆ. ಸರ್ ಕಣ್ಣಾರೆ ನೋಡಿದ್ದಾರೆ."

ಲೋಕನಾಥ ಅವನತ್ತ ತಿರುಗಿದರು. "ಅಲ್ಲ ಮಾರಾಯ್ರೆ, ನೀವೂ ನಮ್ಮವರೇ ಅಲ್ವಾ? ಅದು ಹುಚ್ಚಾ?"

"ಹಾಗಲ್ಲ..."

"ಮತ್ತೆ ಹೇಗೆ?"

"ಒಬ್ಬ ಡಾಕ್ಟರಿಗೆ ತೋರಿಸಬಹುದಿತ್ತು," ಎಂದ, ಫ್ಯಾನಿನ ಕಡೆ ನೋಡುತ್ತ.

"ಅದೆಲ್ಲ ಮನೆಯವರು ನೋಡ್ಕೊಳ್ತಾರೆ," ಎಂದು ಪ್ರಿನ್ಸಿಪಾಲರು ಎದ್ದರು.

ಯಶ್ಮಿತಾ ಅವನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಊಟದ ಗಂಟೆಯಾಯಿತು. ಅವನು ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದಾಗ ಅವಳು ಬಂದಳು. ಚೀಲ ಆಗಲೇ ಹೆಗಲಲ್ಲಿತ್ತು. ಕೆಳಗೆ ಅಪ್ಪನ ಸ್ಕೂಟರು ಹಾರ್ನ್ ಮಾಡುತ್ತಿತ್ತು. ಬುತ್ತಿ ಬಿಚ್ಚಿ, ಮುಚ್ಚಳದಲ್ಲಿ ಒಂದು ತುತ್ತು ಅನ್ನವಿಟ್ಟು, ಅವನೆದುರಿಗೆ ಸರಿಸಿದಳು.

"ಅಣ್ಣನಿಗಾ?"

"ಅವನಿಗೆ ಇಟ್ಟಾಯ್ತು ಸರ್."

ಹೊರಗೆ ಹೋದಳು. ಎಂದೂ ಮುಚ್ಚದ ಆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಸ್ಕೂಟರಿನ ಸದ್ದು ದೂರವಾಯಿತು. ಚಿತ್ತರಂಜನ ಅನ್ನವನ್ನು ಮುಟ್ಟಲಿಲ್ಲ, ಸರಿಸಲೂ ಇಲ್ಲ. ಹೊರಗಿನಿಂದ ಯಾರಾದರೂ ಬಾಗಿಲು ತಟ್ಟಲೆಂದು ಕಾಯುತ್ತ ಕುಳಿತ.