ಸುಣ್ಣವಿಲ್ಲದ ನೆಲ

ಹುಳ ಹುಡುಕುವುದೂ ಒಂದು ಕೆಲಸವೇ ಎಂದು ಅಪ್ಪ ಅಣಕಿಸುತ್ತಿದ್ದ. ಕೆಲಸವೇ, ಮತ್ತೇನು! ಕಡಲಂಚಿನಲ್ಲಿ ಯಾವ ಬಸವನಹುಳು ಎಲ್ಲಿ ಬದುಕುತ್ತದೆಂದು ಗುರುತಿಸುವುದು ಮಗಳ ಉದ್ಯೋಗ. ಮರಳುದಿಬ್ಬದ್ದು ಬಿಸಿಲೇರಿದರೆ ಹುಲ್ಲಿನ ತುದಿಗೆ ಹತ್ತಿ ಕೂರುತ್ತದೆ. ಜೌಗಿನದು ಸಾಸಿವೆಕಾಳಿನಷ್ಟಿದ್ದು ಕಣ್ಣಿಗೇ ಬೀಳುವುದಿಲ್ಲ. ಮನೆಯಲ್ಲಿ ಅವಳ ಹೆಸರು ಹುಳದಮ್ಮ. ಚಿಕ್ಕಂದಿನಲ್ಲೇ ಆ ಹೆಸರಿಟ್ಟವನು ಅಣ್ಣ. ಅಪ್ಪನೊಡನೆ ಜಗಳವಾಡಿ ಹಡಗು ಹತ್ತಿ ಹೋದವನು, ವರ್ಷಗಳೇ ಉರುಳಿದರೂ ಒಂದು ಫೋನು ಮಾಡಿಲ್ಲ. ಹೋದದ್ದನ್ನು ಕಂಡವನು ಅಪ್ಪ ಒಬ್ಬನೇ. ಫೋನು ಸದ್ದು ಮಾಡಿದರೆ ಸಾಕು, ಅಮ್ಮ ಈಗಲೂ ಸೌಟು ಹಿಡಿದುಕೊಂಡೇ ಓಡಿಬರುತ್ತಾಳೆ. ಅದನ್ನು ನೋಡಿದಾಗಲೆಲ್ಲ ಮಗಳಿಗೆ ಅಣ್ಣನ ಮೇಲೆ ಕೆಂಡದಂಥ ಕೋಪ ಬರುತ್ತಿತ್ತು.

ಆ ದಿನ ಅವಳು ಹಳೆಯ ದೋಣಿಶೆಡ್ಡಿನ ಹಿಂದಿನ ಕಲ್ಲುಗುಡ್ಡಕ್ಕೆ ಹೋಗಿದ್ದಳು. ಅದು ಹುಳಿ ಮಣ್ಣು, ಸುಣ್ಣದ ಅಂಶವೇ ಇಲ್ಲ. ಸುಣ್ಣವಿಲ್ಲದೆ ಬಸವನಹುಳು ಚಿಪ್ಪು ಕಟ್ಟಲಾರದು. ಅಂಥಲ್ಲಿ ಸಿಗುವುದು ಚಿಪ್ಪಿಲ್ಲದ ಲೋಳೆಹುಳು ಮಾತ್ರ. ಕಲ್ಲು ಮಗುಚಿದಲ್ಲೆಲ್ಲ ಅವೇ ಇದ್ದವು, ಕಪ್ಪಗೆ, ಮುಟ್ಟಿದರೆ ಮುದುಡಿಕೊಳ್ಳುತ್ತ.

ಶೆಡ್ಡಿನ ಗೋಡೆಯ ಬಳಿ ಹುಲ್ಲು ಸರಿಸಿದರೆ, ಚಿಪ್ಪಿನ ಹುಳುಗಳು! ಬೆಳ್ಳಗೆ, ಕೊಬ್ಬಿಕೊಂಡು, ಒಂದರ ಮೇಲೊಂದು. ಎಲ್ಲವೂ ಮಣ್ಣಿಗೆ ಬಾಯಿ ಹಚ್ಚಿ ಕೆರೆಯುತ್ತಿದ್ದವು. ಗಾಳಿ ನಿಂತಾಗ ಆ ಕೆರೆತ ಕಿವಿಗೆ ಬಿತ್ತು. ಎರಡು ಗೇಣು ಅತ್ತ ಹೋದರೆ ಒಂದೂ ಇಲ್ಲ. ಅವು ಕವಿದಿದ್ದ ಜಾಗ ಒಬ್ಬ ಮನುಷ್ಯ ಕಾಲು ಚಾಚಿ ಮಲಗಿದಷ್ಟಿತ್ತು. ಸುಣ್ಣ ಎಲುಬಿನಲ್ಲೂ ಇರುತ್ತದೆ. ಯಾವುದೋ ಮೇಕೆ ಸತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡವಳು ಚೀಲವನ್ನೂ ಅಲ್ಲೇ ಬಿಟ್ಟು ಮನೆಗೆ ಬಂದಳು.

ಯಾರಾದರೂ ನಕ್ಕು ತನ್ನ ಹೆದರಿಕೆಯನ್ನು ಹಾರಿಸಿಬಿಡಲಿ ಎಂದೇ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

“ದೋಣಿಶೆಡ್ಡಿನ ಹಿಂದೆ ಚಿಪ್ಪಿನ ಹುಳ ಸಿಕ್ತು. ಅಲ್ಲಿರೋಕೆ ಸಾಧ್ಯಾನೇ ಇಲ್ಲ. ಕೆಳಗಡೆ ಮೂಳೆಗೀಳೆ ಏನೋ ಇದೆ. ನಾಳೆ ಅಗೆದು ನೋಡ್ತೀನಿ.”

“ಹೋಗೇ, ಊಟದ ಹೊತ್ತಲ್ಲಿ ಮೂಳೆ ಅಂತೆ ಮೂಳೆ,” ಎಂದು ಅಮ್ಮ ನಕ್ಕಳು.

ಅಪ್ಪ ನಗಲಿಲ್ಲ. ಹಾಗೆ ನೋಡಿದರೆ ಅಣಕಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಅವನಿಗೆ ಸಿಗುತ್ತಿರಲಿಲ್ಲ. ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

“ಅಗೆಯೋದೇನೂ ಬೇಡ. ಅದು ನಾಯಿ. ನಮ್ಮ ನಾಯಿ ಸತ್ತಾಗ ನಾನೇ ಹೂತಿದ್ದೆ.”

ಅಮ್ಮನ ಮುಖದಲ್ಲಿ ನಗು ಇನ್ನೂ ಉಳಿದಿತ್ತು. ಅವಳು ಗಂಡನನ್ನೇ ನೋಡುತ್ತ ತೀರ ಮೆಲ್ಲಗೆ ಕೇಳಿದಳು.

“ನಮ್ಮನೇಲಿ ಯಾವತ್ರೀ ನಾಯಿ ಇತ್ತು?”