ಬುಡ ಬಿಟ್ಟು ಬಂದ ಕೆಂಪು ಅಣಬೆ

ಹೇಗೆ ಶುರು ಮಾಡಲಿ? 'ಪೈನ್ ಮರಗಳ ಕೆಳಗೆ ಕೆಂಪು ಅಣಬೆ ಇತ್ತು' ಎಂದರೆ ಮಕ್ಕಳ ಪಾಠದಂತಿದೆ. 'ಇತ್ತು' ಎನ್ನುವುದೂ ಸುಳ್ಳು. ನಿವೃತ್ತ ರೈಲು ಡ್ರೈವರೊಬ್ಬ ಅದನ್ನಾಗಲೇ ಕೊಯ್ದು ಅಡುಗೆಮನೆಗೆ ತಂದಿದ್ದಾನೆ. (ಆ ಸಾಲು ಹೊಡೆದುಹಾಕಿ. ಅಡುಗೆಮನೆಯಿಂದಲೇ ಶುರು.)

೧. ಮುದುಕ ಬುಟ್ಟಿ ತುಂಬ ಕೆಂಪು ಅಣಬೆ ತಂದು, ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದು, ಒಲೆಯ ಮೇಲೆ ಬಾಣಲೆ ಇಟ್ಟ. ಚಿಕ್ಕಂದಿನಲ್ಲಿ ಇಂಥವನ್ನೇ ತಿಂದು ಬೆಳೆದದ್ದಂತೆ. ಮಗಳು ದರ್ಜಿ, ಅಳತೆ ತೆಗೆಯದೆ ಕತ್ತರಿ ಹಾಕುವವಳಲ್ಲ. ಅಣಬೆಗಳ ಪುಸ್ತಕ ಹಿಡಿದು ಬಂದು ಒಲೆ ಆರಿಸಿದಳು.

೩. (ಎರಡನೆಯ ಭಾಗದಲ್ಲಿ ಮುದುಕ ಸತ್ತುಹೋಗಿದ್ದ. ಚೆನ್ನಾಗಿಯೇ ಬಂದಿತ್ತು, ಮಳೆ ಕೂಡ ಸುರಿಸಿದ್ದೆ. ಮಗಳು ಓದಿ ಹರಿದುಹಾಕಿದಳು.)

ಪುಸ್ತಕದ ಪ್ರಕಾರ ಪೈನ್ ಮರದಡಿಯ ಕೆಂಪು ಅಣಬೆಗಳಲ್ಲಿ ತಿನ್ನುವಂಥದ್ದೂ ಉಂಟು, ಹೊಟ್ಟೆ ಕೆಡಿಸುವಂಥದ್ದೂ ಉಂಟು, ತಲೆ ಕೆಡಿಸುವಂಥದ್ದೂ ಉಂಟು. ಕೆಟ್ಟದ್ದರ ಗುರುತು ಅಣಬೆಯ ಟೋಪಿಯಲ್ಲಿ, ಬುಡದಲ್ಲಿ. ಟೋಪಿಯ ಮೇಲೆ ಬಿಳಿ ಚುಕ್ಕೆಗಳಿದ್ದವೇ? ಬುಡ ಗಡ್ಡೆಯಂತೆ ಉಬ್ಬಿತ್ತೇ? ಚುಕ್ಕೆಗಳಿದ್ದರೂ ಅಪ್ಪನ ಮಡಿವಂತಿಕೆಗೆ ತೊಳೆದುಹೋಗಿವೆ. ಬುಡವನ್ನಂತೂ ಚಾಕುವಿನಿಂದ ನೀಟಾಗಿ ಕೊಯ್ದು ಮಣ್ಣಲ್ಲೇ ಬಿಟ್ಟು ಬಂದಿದ್ದಾನೆ. ಅವಳು ನನ್ನ ಕಡೆ ತಿರುಗಿ, ಬರೆದವರು ನೀವಲ್ಲವೇ, ಬುಡ ಹೇಗಿತ್ತು ಹೇಳಿ ಎಂದಳು. ನಾನು ತಡಬಡಾಯಿಸಿದೆ. 'ಕೆಂಪು' ಎಂದು ಬರೆದ ಖುಷಿಯಲ್ಲಿ ಅಷ್ಟು ಕೆಳಗೆ ನೋಡಿಯೇ ಇರಲಿಲ್ಲ.

೪. ಮುಕ್ತಾಯಗಳು ಸ್ಟಾಕ್‌ನಲ್ಲಿವೆ. ಅ) ತಿಂದ, ಏನೂ ಆಗಲಿಲ್ಲ, ಮಗಳು ಪೆಚ್ಚಾದಳು. ಆ) ತಿಂದ, ಆಸ್ಪತ್ರೆ ಸೇರಿದ, ಡಾಕ್ಟರಿಂದ ಬೈಸಿಕೊಂಡ, ಕಾಮಿಡಿ. ಮುದುಕನಿಗೆ ಮೊದಲನೆಯದು ಹಿಡಿಸಿತು, ಬಾಣಲೆಯತ್ತ ಕೈ ಚಾಚಿದ. ನನಗೂ ಓಕೆ. ಪುಟ ಮುಗಿಯುತ್ತಾ ಬಂದಿತ್ತು.

"ನಿಮಗೆ ಕಥೆ ಮುಗೀಬೇಕು," ಎಂದಳು ಮಗಳು ನನಗೆ. "ನನಗೆ ಅಪ್ಪ ಬೇಕು."

ಮುದುಕ ಬಾಣಲೆಯಿಂದ ಕೈ ಹಿಂದೆ ತೆಗೆದ. ಮಗಳ ಮುಖವನ್ನೇ ನೋಡುತ್ತ ನಿಂತು ಮೂಗು ಉಜ್ಜಿಕೊಂಡ.

"ನಡಿಯಮ್ಮ, ಜಾಗ ತೋರಿಸ್ತೀನಿ. ಈ ಸಲ ಬುಡ ಸಮೇತ ಕೀಳೋಣ."

೫. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಹೊರಟೇಬಿಟ್ಟರು. ನಾನೀಗ ಬುಡ ಹೀಗಿತ್ತು ಎಂದು ಬರೆದುಬಿಡಬಹುದು, ಪೆನ್ನು ನನ್ನ ಕೈಯಲ್ಲೇ ಇದೆ. ಬರೆಯುವುದಿಲ್ಲ. ಬರೆದರೆ ಅವರು ಮನೆಗೆ ವಾಪಸು ಬರಬೇಕಾಗುತ್ತದೆ. ಅಪ್ಪ ಏನೋ ತರಲೆ ಜೋಕು ಹೇಳುತ್ತಿದ್ದಾನೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಓದುಗರೇ, ನಿಮಗೆ ಹಸಿವಾಗಿದ್ದರೆ ನೀವು ಊಟ ಮಾಡಿ. ಅವರು ಇನ್ನೂ ಆ ಮರಗಳ ಹತ್ತಿರ ತಲುಪಿಲ್ಲ.